ದುಡ್ಡು ಹಾಕಿ, ಕತೆಗೆ ಕೈ ಹಾಕದವರು

‘ಘಟಶ್ರಾದ್ಧ’ ಯಾರ ಸಿನಿಮಾ ಎಂದು ಕೇಳಿ. ಗೊತ್ತಿದ್ದವರು ಗಿರೀಶ್ ಕಾಸರವಳ್ಳಿ ಎನ್ನುತ್ತಾರೆ. ಓದುವ ಅಭ್ಯಾಸ ಇದ್ದವರು ಕತೆ ಯು.ಆರ್. ಅನಂತಮೂರ್ತಿ ಅವರದ್ದು ಎಂದೂ ಸೇರಿಸುತ್ತಾರೆ. ದುಡ್ಡು ಹಾಕಿದ್ದು ಯಾರು ಎಂದರೆ ಮಾತು ನಿಂತುಹೋಗುತ್ತದೆ.

ಹಾಕಿದ್ದು ಸದಾನಂದ ಸುವರ್ಣ. ಮೂಲ್ಕಿಯವರು. ಮುಂಬೈ ಕನ್ನಡ ರಂಗಭೂಮಿಯಲ್ಲಿ ಹತ್ತಾರು ವರ್ಷ ದುಡಿದವರು. ದೊಡ್ಡ ಸಿನಿಮಾ ಸಾಹುಕಾರರಲ್ಲ, ನಾಟಕದ ಮನುಷ್ಯ.

1977ರಲ್ಲಿ ಅವರು ಯಾರನ್ನು ನಂಬಿದರು ನೋಡಿ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಆಗಷ್ಟೇ ಹೊರಬಂದಿದ್ದ, ಇನ್ನೂ ಮೂವತ್ತು ತುಂಬದ ಹುಡುಗನನ್ನು. ಕಾಸರವಳ್ಳಿಯವರಿಗೆ ಅದು ಮೊದಲ ಸಿನಿಮಾ. ಕಪ್ಪು ಬಿಳುಪು ಚಿತ್ರ, ಹೆಸರಾಂತ ನಟರಿಲ್ಲ. ಕತೆಯಂತೂ ಮನೆಯೊಳಗೇ ಪಿಸುಗುಟ್ಟುವಂಥದ್ದು: ವೇದ ಪಾಠಶಾಲೆಯ ಮನೆ, ಅಲ್ಲಿ ಎಳೆ ವಯಸ್ಸಿನ ವಿಧವೆ ಯಮುನಾ. ಅವಳು ಬಸುರಾಗುತ್ತಾಳೆ. ಬದುಕಿರುವಾಗಲೇ ಅವಳ ಶ್ರಾದ್ಧ ಮಾಡಿ ಜಾತಿಯಿಂದ ಹೊರಹಾಕುತ್ತಾರೆ. ಇದನ್ನೆಲ್ಲ ನಾಣಿ ಎಂಬ ಸಣ್ಣ ಹುಡುಗ ನೋಡುತ್ತಾನೆ.

ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಇದಕ್ಕೇ ಬಂತು. ಸುವರ್ಣರು ಮುಂದೆ ದೂರದರ್ಶನಕ್ಕೆ ‘ಗುಡ್ಡದ ಭೂತ’ ಧಾರಾವಾಹಿ ಮಾಡಿದರು, ನಮ್ಮ ಅಪ್ಪ ಅಮ್ಮಂದಿರಿಗೆ ಇವತ್ತಿಗೂ ನೆನಪಿದೆ. ತೇಜಸ್ವಿಯವರ ಕತೆ ಹಿಡಿದು ‘ಕುಬಿ ಮತ್ತು ಇಯಾಲ’ ನಿರ್ದೇಶಿಸಿದರು. 2024ರ ಜುಲೈನಲ್ಲಿ ತೀರಿಕೊಂಡರು. ಅದಾಗಿ ಕೆಲವೇ ವಾರಕ್ಕೆ, ಹೊಸದಾಗಿ ಸರಿಪಡಿಸಿದ ‘ಘಟಶ್ರಾದ್ಧ’ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಹಾಕಿದ ದುಡ್ಡು 47 ವರ್ಷ ಬಾಳಿತು ಎಂದೇ ನಾವು ಹೇಳುತ್ತೇವೆ.

ಇಷ್ಟೆಲ್ಲ ಯಾಕೆ ಹೇಳಿದೆವು ಅಂದರೆ, ನಮ್ಮ ಮೂರು ತಾಲೂಕಿನಲ್ಲಿ ಕತೆಗೆ ಬರವಿಲ್ಲ. ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಅಜ್ಜ ಅಜ್ಜಿ ಇಬ್ಬರೇ ಉಳಿದ ದೊಡ್ಡ ಮನೆಗಳಿವೆ. ಮದುವೆಗೆ ಹೆಣ್ಣು ಸಿಗದ ತೋಟದ ಹುಡುಗರಿದ್ದಾರೆ. ಯಲ್ಲಾಪುರ ತಾಲೂಕಿನಲ್ಲಿ ಕೊಡಸಳ್ಳಿ ಅಣೆಕಟ್ಟಿಗೆ ಊರು ಬಿಟ್ಟವರಿದ್ದಾರೆ. ಅರಣ್ಯ ಅತಿಕ್ರಮಣದ ಪಟ್ಟಾಕ್ಕೆ ಕಚೇರಿ ಅಲೆಯುವವರು ಮೂರೂ ಕಡೆ ಇದ್ದಾರೆ. ನೋಡುವವರೂ ಇದ್ದಾರೆ. ಸಿದ್ದಾಪುರಕ್ಕೆ ಹತ್ತಿರದ ಹೆಗ್ಗೋಡಿನಲ್ಲಿ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿತು. ಮಂಚಿಕೇರಿಯಲ್ಲಿ ನಾಟಕ ಕಟ್ಟುವವರಿದ್ದಾರೆ. ಇಲ್ಲದಿರುವುದು ಸುವರ್ಣರಂಥ ನಿರ್ಮಾಪಕರು ಮಾತ್ರ.

ಒಬ್ಬರೇ ಯಾಕಾಗಬೇಕು? 1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟರು. 2024ರಲ್ಲಿ ಅದು ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಮತ್ತೆ ತೆರೆ ಕಂಡಿತು. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರು ಊರೂರು ತಿರುಗಿ ಜನರಿಂದ ವಂತಿಗೆ ಎತ್ತಿ 1986ರಲ್ಲಿ ‘ಅಮ್ಮ ಅರಿಯಾನ್’ ಮಾಡಿದರು. ಫ್ರಾನ್ಸಿನಲ್ಲಂತೂ ಇದು ಕಾನೂನೇ ಆಗಿದೆ. ನೂರು ರೂಪಾಯಿಯ ಸಿನಿಮಾ ಟಿಕೆಟಿಗೆ ಹತ್ತು ರೂಪಾಯಿ ಚಿಲ್ಲರೆ ತೆರಿಗೆ, ಅದು ತಿರುಗಿ ಸಿನಿಮಾಕ್ಕೇ ಹೋಗುತ್ತದೆ.

ಷೇರು ಹಾಕುವುದು ನಮಗೆ ಹೊಸದಲ್ಲ. ಅಡಿಕೆ ಮಾರುವುದು, ಸಾಲ ಎತ್ತುವುದು, ಕಿರಾಣಿ ತರುವುದು ಎಲ್ಲ ಸೊಸೈಟಿಯಲ್ಲೇ. ಆಟ ಆಡಿಸಲು ಊರೊಟ್ಟಿನ ವಂತಿಗೆ ಎತ್ತಿಯೂ ಗೊತ್ತು. ಸದಸ್ಯರು ತಲಾ ನೂರು ರೂಪಾಯಿ ತೆಗೆದಿಟ್ಟರೆ ಒಂದು ಸಣ್ಣ ಸಿನಿಮಾ ಶುರುವಾಗಬಹುದು.

ಆದರೆ ಇಲ್ಲೊಂದು ತೊಡಕಿದೆ. ‘ಮಂಥನ್’ ಹಾಲಿನ ಸಂಘದವರದ್ದೇ ಕತೆ. ರೈತರಿಗೂ ಸಿನಿಮಾಕ್ಕೂ ಜಗಳವಿರಲಿಲ್ಲ. ‘ಘಟಶ್ರಾದ್ಧ’ದ ಕತೆಯನ್ನು ನಮ್ಮ ಯಾವುದಾದರೂ ವಾರ್ಷಿಕ ಸಭೆಯಲ್ಲಿ ಇಟ್ಟಿದ್ದರೆ ಪಾಸಾಗುತ್ತಿತ್ತೇ? ಹಿಂದಿನ ಸಾಲಿನಿಂದ ಒಬ್ಬರು ಎದ್ದು, “ನಮ್ಮ ಮನೆ ಹುಳುಕನ್ನು ಊರಿಗೆಲ್ಲ ಯಾಕೆ ತೋರಿಸಬೇಕು?” ಎನ್ನುತ್ತಿದ್ದರು. ಇನ್ನೊಬ್ಬರು ಕೊನೆ ಸುಖವಾಗಿರಲಿ ಎನ್ನುತ್ತಿದ್ದರು. ನೂರು ಜನರ ದುಡ್ಡಿನ ಜೊತೆ ನೂರು ಜನರ ಕೈಯೂ ಬರುತ್ತದೆ.

ನಮಗೆ ಸುವರ್ಣರು ದೊಡ್ಡವರಾಗಿ ಕಾಣುವುದು ಇಲ್ಲಿಯೇ. ದುಡ್ಡು ವಾಪಸ್ ಬರಲಿ ಎಂದು ಯಾರೋ ಕತೆಯನ್ನು ಸಿಹಿ ಮಾಡಿದ ಗುರುತು ಆ ಸಿನಿಮಾದಲ್ಲಿ ಎಲ್ಲೂ ಸಿಗುವುದಿಲ್ಲ. ಯಮುನಾಳ ಪಾಡನ್ನು ಅದು ಇದ್ದ ಹಾಗೇ ತೋರಿಸಿದೆ. ದುಡ್ಡು ಕೊಡುವವರು ಇನ್ನೂ ಸಿಕ್ಕಾರು. ಕೊಟ್ಟು ಸುಮ್ಮನಿರುವವರು ಸಿಗುವುದೇ ಕಷ್ಟ.

ಸರ್ಕಾರದ ಸಹಾಯಧನ ಇದೆಯಲ್ಲ ಎನ್ನಬಹುದು. ಅದು ಸಿನಿಮಾ ಮುಗಿದ ಮೇಲೆ ಕೈಗೆ ಬರುವ ದುಡ್ಡು. ಮೊದಲ ದಿನದ ಕ್ಯಾಮೆರಾ ಬಾಡಿಗೆಗೆ, ಊಟಕ್ಕೆ ಯಾರಾದರೂ ಕೈಯಿಂದ ಹಾಕಲೇಬೇಕು.

ಹಾಗಾಗಿ ನಮ್ಮ ಸಲಹೆ ಇಷ್ಟು. ಸೊಸೈಟಿಯೋ ಯುವಕ ಸಂಘವೋ ಸಿನಿಮಾಕ್ಕೆ ದುಡ್ಡು ತೆಗೆದಿಡುವುದಾದರೆ ಠರಾವಿನಲ್ಲಿ ಎರಡು ಸಾಲು ಬರೆಯಲಿ. ಒಂದು, ಖರ್ಚಿನ ಲೆಕ್ಕ ಪೈಸೆ ಪೈಸೆ ಕೇಳುತ್ತೇವೆ. ಎರಡು, ಕತೆಗೆ ಕೈ ಹಾಕುವುದಿಲ್ಲ. ಮೊದಲನೆಯದು ನಮ್ಮ ಸಂಘಗಳಿಗೆ ಚೆನ್ನಾಗಿ ಗೊತ್ತು. ಎರಡನೆಯದನ್ನು ಕಲಿಯಬೇಕು.

ಅದಕ್ಕೂ ಮೊದಲು ಒಂದು ಸಂಜೆ ಊರಿನ ಸಭಾಭವನದಲ್ಲಿ ‘ಘಟಶ್ರಾದ್ಧ’ ತೋರಿಸಿ. ಅಜ್ಜಿಯಂದಿರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಮುಗಿದ ಮೇಲೆ ಅವರೇನು ಹೇಳುತ್ತಾರೋ ಕೇಳಿ. ಮುಂದಿನ ಸಿನಿಮಾದ ಕತೆ ಅಲ್ಲಿಯೇ ಸಿಕ್ಕರೂ ಸಿಕ್ಕೀತು.