ನೇಗಿಲಿನ ಜಾಣತನ, ಹಲಗೆಯ ಕೆಲಸ

ಒಂದು ಕೆಲಸದಲ್ಲಿ ಗುಣವೆನಿಸಿದುದು ಇನ್ನೊಂದರಲ್ಲಿ ದೋಷವಾಗುವುದನ್ನು ನಾವು ಮನುಷ್ಯರಲ್ಲಿ ಎಷ್ಟೋ ಸಲ ಕಂಡಿದ್ದೇವೆ. ಯಂತ್ರಗಳಲ್ಲಿಯೂ ಹೀಗಾಗುವುದುಂಟು. ಟ್ರ್ಯಾಕ್ಟರಿನ ಗೊಡವೆ ನಗರವಾಸಿಗಳಿಗೇಕೆಂದು ವಾಚಕರು ಪುಟವನ್ನು ಮಗುಚದಿರಲಿ. ಇದರಲ್ಲಿ ನಮಗೂ ಒಂದು ಪಾಠವಿದೆ.

1947ರಿಂದ 1952ರವರೆಗೆ ಅಮೆರಿಕದಲ್ಲಿ ಫೋರ್ಡ್ 8ಎನ್ ಎಂಬ ಪುಟ್ಟ ಟ್ರ್ಯಾಕ್ಟರುಗಳು ಐದು ಲಕ್ಷಕ್ಕೂ ಮಿಕ್ಕಿ ತಯಾರಾದುವು. ಅವುಗಳಲ್ಲಿ ಅನೇಕವು ಇಂದಿಗೂ ದುಡಿಯುತ್ತಿವೆ. ಅಲ್ಲಿನ ಹಳ್ಳಿಗಾಡಿನಲ್ಲಿ ಮನೆಯಿಂದ ಹೆದ್ದಾರಿಯವರೆಗೆ ಜಲ್ಲಿಯ ಖಾಸಗಿ ದಾರಿಗಳುಂಟು. ಮಳೆಗೆ ಹಳ್ಳಬಿದ್ದ ದಾರಿಯನ್ನು ಮಟ್ಟಮಾಡಲು ಯಜಮಾನನು ಹಳೆಯ ಟ್ರ್ಯಾಕ್ಟರಿನ ಹಿಂದೆ ಉಕ್ಕಿನ ಅಲಗೊಂದನ್ನು ಕಟ್ಟಿ ಹೊರಡುತ್ತಾನೆ. ಸಂಜೆಯ ಹೊತ್ತಿಗೆ ದಾರಿ ಸಮವಾಗುವುದಿರಲಿ, ಅಲೆಅಲೆಯಾಗಿ ಮೊದಲಿಗಿಂತ ಕೆಟ್ಟಿರುತ್ತದೆ! ತಪ್ಪು ಅವನ ಕೈಯದೂ ಅಲ್ಲ, ಟ್ರ್ಯಾಕ್ಟರಿನ ಮುಪ್ಪಿನದೂ ಅಲ್ಲ. ಹಿಂಬದಿಯ ಕೊಂಡಿ ಹುಟ್ಟಿದ ಉದ್ದೇಶವೇ ಬೇರೆ.

ಮೊದಮೊದಲ ಟ್ರ್ಯಾಕ್ಟರುಗಳಲ್ಲಿ ನೇಗಿಲು ಬಂಡೆಗೆ ಸಿಕ್ಕಿಕೊಂಡರೆ ಯಂತ್ರದ ಮೂತಿ ಮೇಲೆದ್ದು ಚಾಲಕನ ಮೇಲೆಯೇ ಮಗುಚಿಬೀಳುತ್ತಿತ್ತು. ಇದರಿಂದ ಪ್ರಾಣಹಾನಿಯೂ ಆದುದುಂಟು. ಐರ್ಲೆಂಡಿನಲ್ಲಿ 1884ರಲ್ಲಿ ಜನಿಸಿದ ಹ್ಯಾರಿ ಫರ್ಗೂಸನ್ ಇದಕ್ಕೆ ಪರಿಹಾರವಾಗಿ ಕೆಳಗೆ ಎರಡು, ಮೇಲೆ ಒಂದು, ಹೀಗೆ ಮೂರು ತೋಳುಗಳ ಜೋಡಣೆಯನ್ನು ರೂಪಿಸಿದನು. ಕೆಳಗಿನ ತೋಳುಗಳು ನೇಗಿಲನ್ನು ಎಳೆಯುತ್ತವೆ. ನೇಗಿಲು ಮೇಲಿನ ತೋಳನ್ನು ಮುಂದಕ್ಕೆ ಒತ್ತಿ ಟ್ರ್ಯಾಕ್ಟರಿನ ಮೂತಿಯನ್ನು ನೆಲಕ್ಕೆ ಹಿಡಿದಿಡುತ್ತದೆ. ಆ ಒತ್ತಡ ಹೆಚ್ಚಿದರೆ ಹೈಡ್ರಾಲಿಕ್ ಯಂತ್ರವು ನೇಗಿಲನ್ನು ತುಸು ಎತ್ತುತ್ತದೆ, ತಗ್ಗಿದರೆ ಇಳಿಸುತ್ತದೆ. 1939ರ ಫೋರ್ಡ್ 9ಎನ್ ಹಾಗೂ 1946ರ ಫರ್ಗೂಸನ್ ಟಿಇ20 ಟ್ರ್ಯಾಕ್ಟರುಗಳ ಕೀರ್ತಿಗೆ ಈ ಜಾಣತನವೇ ಕಾರಣ.

ಇದೇ ಜಾಣತನವನ್ನು ಮಟ್ಟಮಾಡುವ ಅಲಗಿಗೆ ಹಚ್ಚಿ ನೋಡಿ. ಅಲಗಿನ ಮುಂದೆ ಮಣ್ಣು ಗುಡ್ಡೆಯಾದೊಡನೆ ಒತ್ತಡ ಹೆಚ್ಚಿ ಅಲಗು ಮೇಲೇಳುತ್ತದೆ, ಗುಡ್ಡೆ ಅಲ್ಲಿಯೇ ಉಳಿಯುತ್ತದೆ. ಭಾರ ಕಡಿಮೆಯಾಯಿತೆಂದು ಅಲಗು ಮತ್ತೆ ಇಳಿದು ನೆಲವನ್ನು ಬಗೆಯುತ್ತದೆ. ಕೊಂಡಿಯು ನೆಲವನ್ನು 'ನೀನೆಷ್ಟು ಗಟ್ಟಿ?' ಎಂದು ಕೇಳುತ್ತದೆಯೇ ಹೊರತು 'ನೀನೆಷ್ಟು ಎತ್ತರ?' ಎಂದು ಕೇಳುವುದಿಲ್ಲ.

8ಎನ್‌ನಲ್ಲಿ ತೋಳುಗಳನ್ನು ಒಂದೇ ಎತ್ತರದಲ್ಲಿ ನಿಲ್ಲಿಸುವ ಸೌಕರ್ಯವನ್ನೂ ಸೇರಿಸಿದರು. ಆದರೆ ಆ ಎತ್ತರವು ಟ್ರ್ಯಾಕ್ಟರಿಗೆ ಸಂಬಂಧಿಸಿದುದು, ನೆಲಕ್ಕಲ್ಲ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 70 ಅಂಗುಲ. ಅಲಗು ಹಿಂದಿನ ಅಚ್ಚಿನಿಂದ 60 ಅಂಗುಲ ಹಿಂದಿದೆಯೆನ್ನಿ. ಮುಂದಿನ ಗಾಲಿಗಳು 3 ಅಂಗುಲದ ದಿಬ್ಬವನ್ನೇರಿದರೆ ಏತದಂತೆ ಅಲಗು ಸುಮಾರು ಎರಡೂವರೆ ಅಂಗುಲ ಕೆಳಗಿಳಿಯುತ್ತದೆ. ಅದೇ ದಿಬ್ಬವನ್ನು ಹಿಂದಿನ ಗಾಲಿಗಳು ಏರಿದಾಗ ಐದೂವರೆ ಅಂಗುಲ ಮೇಲೇಳುತ್ತದೆ. ಒಂದು ದಿಬ್ಬವಿದ್ದ ಕಡೆ ಒಂದು ಕುಳಿ, ಒಂದು ಗುಡ್ಡೆ ಹೊಸದಾಗಿ ಹುಟ್ಟಿದುವು! ರಸ್ತೆ ಕಟ್ಟುವವರ ಮೋಟಾರ್ ಗ್ರೇಡರಿನಲ್ಲಿ ಅಲಗನ್ನು ಎರಡು ಅಚ್ಚುಗಳ ನಡುವೆ ಇಟ್ಟಿರುವುದು ಇದಕ್ಕಾಗಿಯೇ. ಅಲ್ಲಿ ಮುಂದಿನ ಗಾಲಿಯ ಏರಿಳಿತದ ಒಂದು ಭಾಗ ಮಾತ್ರ ಅಲಗಿಗೆ ತಟ್ಟುತ್ತದೆ.

ಇನ್ನೂ ಒಂದು ಮಾತು: ಈ ಹೈಡ್ರಾಲಿಕ್ ಎತ್ತಬಲ್ಲದು, ಒತ್ತಲಾರದು. ಅಲಗು ನೆಲವನ್ನು ಕಚ್ಚುವುದು ಸ್ವಂತ ತೂಕದಿಂದಲೇ. ನಮ್ಮ ಗದ್ದೆಗಳಲ್ಲಿ ಹಲಗೆ ಹೊಡೆಯುವ ರೈತನು ಅದರ ಮೇಲೆ ತಾನೇ ಹತ್ತಿ ನಿಲ್ಲುವುದಿಲ್ಲವೆ? ಅಂತೆಯೇ ಅನುಭವಸ್ಥರು ಅಲಗಿನ ಮೇಲೆ ಭಾರವನ್ನು ಹೇರುತ್ತಾರೆ.

ಹಾಗಾದರೆ ಉಪಾಯವೇನು? ಅಲಗಿನ ಹಿಂದೆ ಗಾಲಿಗಳನ್ನು ಜೋಡಿಸಿ, ಹಿಡಿಯನ್ನು ಪೂರ್ಣವಾಗಿ ಇಳಿಸಿ, ತೋಳುಗಳನ್ನು ಸಡಿಲ ಬಿಡುವುದು. ಮೇಲಿನ ತೋಳಿಗೂ ಅಷ್ಟು ಸಡಿಲವಿರಬೇಕು. ಆಗ ಅಲಗಿನ ಎತ್ತರವನ್ನು ಗೊತ್ತುಮಾಡುವುದು ಆ ಗಾಲಿಗಳು ಮುಟ್ಟುವ ನೆಲ. ಅಲಗಿನ ಬದಲು ಪೆಟ್ಟಿಗೆಯಾಕಾರದ ಸಾಧನವಾದರೆ ಇನ್ನೂ ಒಳಿತು. ಅದು ದಿಬ್ಬದ ಮಣ್ಣನ್ನು ಹೊತ್ತು ಹಳ್ಳಕ್ಕೆ ಸುರಿಯುತ್ತದೆ. ಮೇಲಿನ ತೋಳನ್ನು ಗಿಡ್ಡ ಮಾಡಿದರೆ ಅದು ಹೆಚ್ಚು ಕೆರೆಯುತ್ತದೆ, ಉದ್ದ ಮಾಡಿದರೆ ನಯಗೊಳಿಸುತ್ತದೆ. ಅವಸರ ಮಾತ್ರ ಸಲ್ಲದು.

ಜಾಣನಾದ ಆಳಿಗೆ ಅವನು ಕಲಿಯದ ಕೆಲಸವನ್ನು ಒಪ್ಪಿಸಿ ಬಯ್ಯುವುದು ನ್ಯಾಯವಲ್ಲ. ಅವನು ಏನನ್ನು ಅಳೆಯಬಲ್ಲನೆಂಬುದನ್ನು ಅರಿತು, ಅಳೆಯಲಾರದುದಕ್ಕೆ ಒಂದು ಊರುಗೋಲನ್ನು ಒದಗಿಸಿದರೆ ಮುಪ್ಪಿನಲ್ಲಿಯೂ ಆತ ದಾರಿಯನ್ನು ನೇರ್ಪಡಿಸಬಲ್ಲನು.