ಟುವಾಲು: ಮುಳುಗಡೆಯ ಭೀತಿಯಲ್ಲಿ ಒಂದು ಪುಟ್ಟ ರಾಷ್ಟ್ರ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಜನತೆಗೆ ‘ಮುಳುಗಡೆ’ ಎಂಬ ಶಬ್ದದ ಅರ್ಥವನ್ನು ವಿವರಿಸಬೇಕಾಗಿಲ್ಲ. ಹಿಡಕಲ್ ಜಲಾಶಯಕ್ಕಾಗಿ ಹಳ್ಳಿಗಳು ನೀರಿನಡಿ ಸೇರಿದುದನ್ನು ಕಂಡ ಹಿರಿಯರು ಇನ್ನೂ ನಮ್ಮೊಡನಿದ್ದಾರೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣವನ್ನೇ ಹೊಕ್ಕಿದ್ದನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಇಡೀ ರಾಷ್ಟ್ರವೇ ಮುಳುಗಡೆಯಾಗುವುದೆಂದರೇನು? ಪೆಸಿಫಿಕ್ ಮಹಾಸಾಗರದ ಟುವಾಲು ಇಂದು ಈ ಪ್ರಶ್ನೆಯನ್ನು ಎದುರಿಸುತ್ತಿದೆ.

ಬ್ರಿಟಿಷರ ಆಳ್ವಿಕೆಯಲ್ಲಿ ಎಲ್ಲಿಸ್ ದ್ವೀಪಗಳೆನಿಸಿದ್ದ ಈ ನಾಡು 1978ರ ಅಕ್ಟೋಬರ್ 1ರಂದು ಸ್ವತಂತ್ರವಾಯಿತು. ಒಂಬತ್ತು ದ್ವೀಪಗಳನ್ನು ಕೂಡಿಸಿದರೂ ವಿಸ್ತೀರ್ಣ 26 ಚದರ ಕಿಲೋಮೀಟರ್ ಮಾತ್ರ. ತುಂಬಿದ ಹಿಡಕಲ್ ಜಲಾಶಯದ ಹರವೇ ಇದಕ್ಕಿಂತ ದೊಡ್ಡದು. ಜನಸಂಖ್ಯೆ ಸುಮಾರು 11,000. ಬಹುತೇಕ ಎಲ್ಲರೂ ಪ್ರೊಟೆಸ್ಟಂಟ್ ಕ್ರೈಸ್ತರು, ಕಥೋಲಿಕರು ಅತ್ಯಲ್ಪ. ಅತ್ಯುನ್ನತ ಸ್ಥಳವೂ ಸಮುದ್ರಮಟ್ಟದಿಂದ ಐದು ಮೀಟರ್ ಮೀರದು.

ಅಲ್ಲಿ ನದಿಯಿಲ್ಲ. ಮನೆಯ ಛಾವಣಿಯಿಂದ ಇಳಿದ ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟು ಕುಡಿಯಬೇಕು. 2011ರಲ್ಲಿ ಮಳೆ ಕೈಕೊಟ್ಟಾಗ ಸರಕಾರ ತುರ್ತು ಪರಿಸ್ಥಿತಿಯನ್ನೇ ಘೋಷಿಸಬೇಕಾಯಿತು. ಮೀನು ಮತ್ತು ತೆಂಗಿನೊಡನೆ ‘ಪುಲಕ’ವೆಂಬ ಗೆಡ್ಡೆ ಅವರ ಹಳೆಯ ಆಹಾರ. ಆಳದ ಗುಂಡಿ ತೋಡಿ, ಎಲೆಗೊಬ್ಬರ ತುಂಬಿ ಅದನ್ನು ಬೆಳೆಯುತ್ತಾರೆ. ಈಗ ಆ ಗುಂಡಿಗಳಿಗೆ ಉಪ್ಪುನೀರು ಜಿನುಗುತ್ತಿದೆ. ನೆರೆ ಇಳಿದ ಮೇಲೆ ನಮ್ಮ ಕಬ್ಬಿನ ಗದ್ದೆ ಮತ್ತೆ ಹಸಿರಾಗಬಹುದು. ಉಪ್ಪು ಕುಡಿದ ಮಣ್ಣಿನ ಗತಿ ಬೇರೆ. ರಾಷ್ಟ್ರದ ಬೊಕ್ಕಸಕ್ಕೆ ಆಧಾರ ಪರದೇಶದ ಹಡಗುಗಳು ತೆರುವ ಮೀನುಗಾರಿಕೆಯ ಶುಲ್ಕ. ಅಂತರ್ಜಾಲದಲ್ಲಿ ತನ್ನ ಪಾಲಿಗೆ ಬಂದ ‘ಟಿ.ವಿ.’ ಎಂಬ ಎರಡಕ್ಷರದ ವಿಳಾಸವನ್ನು ಬಾಡಿಗೆಗೆ ಕೊಟ್ಟೂ ಅದು ಹಣ ಗಳಿಸುತ್ತಿದೆಯೆಂಬುದು ಕುತೂಹಲದ ಸಂಗತಿ.

2023ರ ನವೆಂಬರಿನಲ್ಲಿ ಆಸ್ಟ್ರೇಲಿಯ ಈ ನಾಡಿನೊಡನೆ ‘ಫಲೆಪಿಲಿ’ ಒಪ್ಪಂದಕ್ಕೆ ಸಹಿ ಹಾಕಿತು. ಟುವಾಲು ಭಾಷೆಯಲ್ಲಿ ಆ ಶಬ್ದಕ್ಕೆ ಒಳ್ಳೆಯ ನೆರೆಹೊರೆತನವೆಂಬ ಅರ್ಥವಿದೆ. ವರ್ಷಕ್ಕೆ 280 ಮಂದಿಗೆ ಆಸ್ಟ್ರೇಲಿಯದಲ್ಲಿ ನೆಲೆಸಲು ಅವಕಾಶ. 2025ರ ಮೊದಲ ಚೀಟಿ ಎತ್ತುವಿಕೆಗೆ ಕುಟುಂಬದವರೂ ಸೇರಿ ಎಂಟು ಸಾವಿರಕ್ಕಿಂತ ಹೆಚ್ಚು ಜನ ಹೆಸರು ನೋಂದಾಯಿಸಿದರು! ಇದು ಉಪಕಾರವೇ ಸರಿ, ಆದರೆ ಶರತ್ತಿಲ್ಲದ ಉಪಕಾರವಲ್ಲ. ಇತರ ರಾಷ್ಟ್ರಗಳೊಡನೆ ಭದ್ರತೆಯ ಒಡಂಬಡಿಕೆ ಮಾಡಿಕೊಳ್ಳಲು ಟುವಾಲು ಇನ್ನು ಆಸ್ಟ್ರೇಲಿಯದ ಸಮ್ಮತಿ ಪಡೆಯಬೇಕು. ಕಲ್ಲಿದ್ದಲು ರಫ್ತಿನಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ದೇಶವೇ ಕಡಲು ಉಕ್ಕಿದಾಗ ಆಶ್ರಯದಾತನಾಗಿ ನಿಲ್ಲುವುದರಲ್ಲಿ ನಮಗೆ ಒಂದು ಅಸಂಗತಿ ಕಾಣುತ್ತದೆ. ಕಾರಣನಾದವನು ನೀಡುವ ಪರಿಹಾರವನ್ನು ದಾನವೆನ್ನುವುದು ನ್ಯಾಯವೇ?

ಹಿಡಕಲ್ಲಿನ ಸಂತ್ರಸ್ತರು ಊರು ಬಿಟ್ಟರೂ ಕನ್ನಡ ನಾಡಿನಲ್ಲಿಯೇ ಉಳಿದರು. ಬೇಸಿಗೆಯಲ್ಲಿ ಜಲಾಶಯದ ನೀರಿಳಿದಾಗ ಹುನ್ನೂರಿನ ವಿಠ್ಠಲ ದೇವಾಲಯ ಮೇಲೆದ್ದು ನಿಲ್ಲುತ್ತದೆ. ಜನ ಹೋಗಿ ನೋಡಿ ಬರುತ್ತಾರೆ. ಟುವಾಲಿನವರಿಗೆ ಆ ಸಮಾಧಾನವೂ ಇರಲಾರದು. ಆದುದರಿಂದಲೇ ಅವರು 2023ರಲ್ಲಿ ಸಂವಿಧಾನವನ್ನು ತಿದ್ದಿ, ನೆಲವೆಲ್ಲ ಹೋದರೂ ತಮ್ಮ ರಾಷ್ಟ್ರ ಶಾಶ್ವತವಾಗಿ ಉಳಿಯುವುದೆಂದು ಬರೆದುಕೊಂಡಿದ್ದಾರೆ. ರಾಜಧಾನಿ ಫುನಾಫುಟಿಯಲ್ಲಿ ಮರಳು ತುಂಬಿ ಸುಮಾರು 7 ಹೆಕ್ಟೇರ್ ಎತ್ತರದ ನೆಲವನ್ನು ಹೊಸದಾಗಿ ನಿರ್ಮಿಸಿಯೂ ಇದ್ದಾರೆ.