ಕಟ್ಟಿಸಿದವರ ಪಟ್ಟಿ

ಚಾರಿತ್ರಿಕ ಸ್ಥಳಗಳ ಪಟ್ಟಿಯಲ್ಲಿ ತಪ್ಪುಗಳಿವೆ, ತಿದ್ದಿ ಎಂದು ವಿದ್ವಾಂಸರು ಆಗಾಗ ಇಲಾಖೆಗೆ ಬರೆಯುತ್ತಾರೆ. ಇಸವಿ ತಪ್ಪಿದೆ, ಅರಸನ ಹೆಸರಿನ ಕಾಗುಣಿತ ತಪ್ಪಿದೆ, ಸರ್ವೆ ನಂಬರು ತಪ್ಪಿದೆ. ತಿದ್ದಲಿ, ಬೇಡ ಅಂದವರ್ಯಾರು? ನಮ್ಮ ತಕರಾರು ಅದಕ್ಕಿಂತ ಹಳೆಯದು.

ಮಡಿಕೇರಿ ಕೋಟೆಯನ್ನೇ ತಗೊಳ್ಳಿ. 17ನೇ ಶತಮಾನದ ಕೊನೆಗೆ ಮುದ್ದುರಾಜ ಮಣ್ಣಿನ ಕೋಟೆ ಕಟ್ಟಿಸಿದ. ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. 1812-14ರಲ್ಲಿ ಲಿಂಗರಾಜೇಂದ್ರ ಅರಮನೆ ಕಟ್ಟಿಸಿದ. 1834ರಲ್ಲಿ ಒಳಹೊಕ್ಕ ಇಂಗ್ಲಿಷರು 1855ರಲ್ಲಿ ಇಗರ್ಜಿ ಕಟ್ಟಿಸಿದರು. ನಾಲ್ಕುನಾಡಿಗೆ ಹೋಗಿ, ಅಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ. ಓಂಕಾರೇಶ್ವರಕ್ಕೆ ಹೋಗಿ, 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ. ಮೇಷ್ಟ್ರುಗಳೇ, ನೀವು ಏಳನೇ ಕ್ಲಾಸಿನ ಮಕ್ಕಳಿಗೆ ಪ್ರೇರಣಾರ್ಥಕ ಪಾಠ ಮಾಡುವಾಗ ಇದಕ್ಕಿಂತ ಒಳ್ಳೆ ಉದಾಹರಣೆ ಎಲ್ಲಿ ಸಿಗುತ್ತೆ? 'ಇಸು' ಅನ್ನೋ ಒಂದು ಪ್ರತ್ಯಯದ ಹಿಂದೆ ಕಲ್ಲು ಹೊತ್ತ ಅಷ್ಟೂ ಜನ ಅಡಗಿಹೋಗಿದ್ದಾರೆ. ಯಾರಾದರೂ ಮಗು ಎದ್ದು ನಿಂತು, "ಸಾ, ಹಂಗಾರೆ ಕಟ್ಟಿದ್ದು ಯಾರು?" ಅಂತ ಕೇಳಿದರೆ ಪಟ್ಟಿಯಲ್ಲಿ ಉತ್ತರ ಇಲ್ಲ.

ಹಾಗಂತ ನಮ್ಮವರು ಯಾವ ಲೆಕ್ಕಕ್ಕೂ ಸೇರಿರಲಿಲ್ಲ ಅನ್ನೋದೂ ಸುಳ್ಳು. ಸೇರಿದ್ದರು, ಆದರೆ ಆಸ್ತಿಯ ಲೆಕ್ಕಕ್ಕೆ. ಕೊಡಗಿನಲ್ಲಿ ಭೂಮಿ ಜಮ್ಮದ ಹೊಲೆಯರು, ಒಕ್ಕಲು ಜಮ್ಮದ ಹೊಲೆಯರು ಎಂದು ಎರಡು ಬಗೆಯ ಆಳುಗಳಿದ್ದರು. ಮೊದಲಿನವರು ಮಣ್ಣಿಗೆ ಅಂಟಿದವರು, ಗದ್ದೆ ಯಾರಿಗೋ ಇವರೂ ಅವರಿಗೆ. ಎರಡನೆಯವರು ಮನೆತನದ ಸ್ವತ್ತು, ಮಾರಬಹುದಿತ್ತು, ಒತ್ತೆ ಇಡಬಹುದಿತ್ತು. ಎರವರದ್ದೂ ಇದೇ ಪಾಡು. ಅರಸನ ಸ್ವಂತ ಬೇಸಾಯದ ಪಣ್ಯಗಳಲ್ಲೂ ದುಡಿದದ್ದು ಇಂಥ ಆಳುಗಳೇ. 1843ರ ಕಾಯಿದೆ ಈ ಗುಲಾಮಗಿರಿಗೆ ಕೋರ್ಟಿನ ಮಾನ್ಯತೆ ತೆಗೆಯಿತು. 1976ರಲ್ಲಿ ಜೀತವನ್ನು ರದ್ದು ಮಾಡಲು ಮತ್ತೊಂದು ಕಾಯಿದೆ ಬೇಕಾಯಿತು ಅಂದಮೇಲೆ, ನಡುವಿನ ನೂರಮೂವತ್ಮೂರು ವರ್ಷ ಏನು ನಡೆದಿತ್ತು ಅಂತ ನೀವೇ ಊಹಿಸಿ. ಜೀತದವರ ಲೈನ್‌ಮನೆ, ಅವರನ್ನು ಮಾರಿದ ಜಾಗ, ಅವರು ತೋಡಿದ ಕೆರೆ, ಇವು ಚಾರಿತ್ರಿಕ ಸ್ಥಳ ಅಲ್ಲವೇನ್ರೀ?

ಸತ್ತವರ ಜಾಗದ ಮಾತು ಇನ್ನೂ ವಿಚಿತ್ರ. ಸೋಮವಾರಪೇಟೆ ಬಳಿಯ ದೊಡ್ಡಮಳ್ತೆ ಕಡೆ, ವಿರಾಜಪೇಟೆ ಕಡೆ ಕಲ್ಲುಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಗೋರಿಗಳಿವೆ. ಕಬ್ಬಿಣ ಕಾಯಿಸಿ ಬಡಿಯಲು ಕಲಿತ ಜನ ತಮ್ಮ ಹೆಣಕ್ಕೆ ಕಟ್ಟಿದ ಮನೆಗಳು ಅವು, ಎರಡು ಸಾವಿರ ವರ್ಷಕ್ಕೂ ಹಿಂದಿನವು. ಜನರ ಬಾಯಲ್ಲಿ ಮಾತ್ರ ಅವು ಪಾಂಡವರ ಮನೆ, ಪಾಂಡವರ ಪಾರೆ. ಹಳ್ಳಿಯವರು ಹಾಗೆ ಕರೆದರೆ ನಮಗೆ ಸಿಟ್ಟಿಲ್ಲ; ದೊಡ್ಡ ಕಲ್ಲು ಎತ್ತಿದವನು ಭೀಮನೇ ಇರಬೇಕು ಅನ್ನೋದು ಕತೆ. ಓದಿದವರು ಅದನ್ನೇ ಬೋರ್ಡಿನ ಮೇಲೆ ಬರೆದಾಗ ಅದು ಕಳ್ಳತನ. ಹೆಸರಿಲ್ಲದ ಕಮ್ಮಾರನ ಗೋರಿಯನ್ನು ಹಸ್ತಿನಾಪುರದ ಕ್ಷತ್ರಿಯನಿಗೆ ಖಾತೆ ಮಾಡಿಕೊಟ್ಟಂತೆ!

ಖಾತೆ ಅಂದಾಗ ದೇವರಕಾಡಿನ ಮಾತು ಬರಲೇಬೇಕು. 1905ರ ದಾಖಲೆಯಲ್ಲಿ ಕೊಡಗಿನ ದೇವರಕಾಡು 15,506 ಎಕರೆ. 1985ಕ್ಕೆ ಉಳಿದದ್ದು 6,299 ಎಕರೆ. ಒಂಬತ್ತು ಸಾವಿರ ಎಕರೆಯ ದೇವರು ಎಲ್ಲಿಗೆ ಗುಳೆ ಹೋದ? ಕಾಫಿ ಗಿಡದ ಬುಡಕ್ಕೆ ಹೋದ. ಈಗ ಇನ್ನೊಂದು ಚಿತ್ರ ನೋಡಿ. 2016ರ ಡಿಸೆಂಬರ್ 7ರಂದು ಸಿದ್ದಾಪುರ ಬಳಿಯ ದಿಡ್ಡಳ್ಳಿಯಲ್ಲಿ ಆದಿವಾಸಿಗಳ 577 ಗುಡಿಸಲುಗಳನ್ನು ಅರಣ್ಯ ಇಲಾಖೆ ನೆಲಸಮ ಮಾಡಿತು. ಲೈನ್‌ಮನೆಯ ಜೀತ ಸಾಕು ಅಂತ ಹೊರಬಂದವರು ಅವರು. ಆ ಜಾಗ ಪೈಸಾರಿ ಎಂದರು ಜನ, ಅರಣ್ಯ ಎಂದಿತು ಇಲಾಖೆ. ಕಾಡು ನುಂಗಿದವನು ಪ್ಲಾಂಟರು, ಕಾಡಿನಲ್ಲಿ ಮಲಗಿದವನು ಒತ್ತುವರಿದಾರ.

ತಿತಿಮತಿ ಹತ್ತಿರದ ದೇವರಪುರದಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ ನಡೆಯುತ್ತೆ. ಗಂಡಸರು ಹೆಣ್ಣುವೇಷ ಹಾಕಿ, ಸೋರೆಬುರುಡೆ ಬಡಿದು, ದೇವರನ್ನೇ ಕೊಳಕು ಬೈಗುಳದಲ್ಲಿ ಬೈಯುತ್ತಾರೆ. ಪೇಟೆಯ ಪತ್ರಿಕೆಗಳಿಗೆ ಇದೊಂದು ತಮಾಷೆ, 'ವಿಚಿತ್ರ ಆಚರಣೆ'. ಹಬ್ಬದ ಕತೆ ಕೇಳಿ: ಅಯ್ಯಪ್ಪ ಇವರನ್ನು ಬೇಟೆಗೆ ಅಂತ ಕಾಡಿಗೆ ಕರೆತಂದ, ಭದ್ರಕಾಳಿಯ ಹಿಂದೆ ಹೋದ, ಇವರನ್ನು ನಡುಕಾಡಿನಲ್ಲೇ ಬಿಟ್ಟ. ಕರೆತಂದು ದುಡಿಸಿಕೊಂಡು ಕೈಬಿಡುವ ಧಣಿಯನ್ನು ಇವರು ದೇವರಲ್ಲೂ ಗುರುತಿಸಿದ್ದಾರೆ. ವರ್ಷಕ್ಕೊಮ್ಮೆ ಬೀದಿಯಲ್ಲಿ ನಿಂತು ಅವನ ಮೇಲೆ ಹೂಡುವ ದಾವೆ ಇದು. ಪಟ್ಟಿ ಬರೆಯುವವರಿಗೆ ಕೇಳಿಸಿದ್ದು ಬೈಗುಳ ಒಂದೇ.

ಹೊರದೇಶದ ಪಟ್ಟಿಯೂ ಒಂದಿದೆ. 2012ರಲ್ಲಿ ಯುನೆಸ್ಕೋ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಗೆ ಸೇರಿಸಿತು. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅದರಲ್ಲಿವೆ. ಯಾವ ಕಾಲಮ್ಮಿನಲ್ಲಿ? 'ನೈಸರ್ಗಿಕ'. ಅಂದರೆ ಮರ, ಕಪ್ಪೆ, ಹಕ್ಕಿ. ಬೆಟ್ಟದ ತಪ್ಪಲಿನ ಕುಡಿಯರು ಆ ಕಾಲಮ್ಮಿನಲ್ಲಿ ಎಲ್ಲಿ ಕೂರಬೇಕು? ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಹಾಡಿಗಳು ಖಾಲಿಯಾದವು. 2025ರ ಮೇ 5ರಂದು 52 ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಗೆ ವಾಪಸು ನಡೆದವು. ಇದು ನಮ್ಮ ಹಿರಿಯರು ಮಲಗಿರುವ ಜಾಗ, ನಮ್ಮ ದೇವರ ಜಾಗ ಅಂದರು. ಪಟ್ಟಿ ತಿದ್ದೋದು ಅಂದರೆ ಅದು.

ಇದಕ್ಕೆ ಕಾನೂನು ಇಲ್ಲ ಅನ್ನುವವರ ಮಾತು ನಂಬಬೇಡಿ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ವ್ಯಾಖ್ಯೆಯಲ್ಲೇ ಗೋರಿಯ ದಿಬ್ಬ, ಹೆಣ ಹೂಳಿದ ಜಾಗ ಅನ್ನೋ ಮಾತಿದೆ. ನೂರು ವರ್ಷ ಆಗಿರಬೇಕು, ಚರಿತ್ರೆಯ ಮಹತ್ವ ಇರಬೇಕು, ಅಷ್ಟೆ. ಅರಸನ ಗದ್ದಿಗೆಗೂ ಹಾಡಿಯ ಸುಡುಗಾಡಿಗೂ ಕಾಯಿದೆ ಭೇದ ಮಾಡಿಲ್ಲ, ನೋಡುವ ಕಣ್ಣು ಮಾಡಿದೆ. 2006ರ ಅರಣ್ಯ ಹಕ್ಕು ಕಾಯಿದೆಯ 13ನೇ ನಿಯಮ ಇನ್ನೂ ಮುಂದೆ ಹೋಗಿ, ಹೂಳುವ ಜಾಗ, ಪವಿತ್ರ ಮರ, ಬನ, ಹಳೇ ಕಟ್ಟಡದ ಕುರುಹು, ಹಿರಿಯರ ಹೇಳಿಕೆ ಎಲ್ಲವನ್ನೂ ಪುರಾವೆ ಅಂತ ಒಪ್ಪುತ್ತೆ. ಒಂದಕ್ಕಿಂತ ಹೆಚ್ಚು ಪುರಾವೆ ಬೇಕು, ಹೇಳಿಕೆ ಬರಹದಲ್ಲಿರಬೇಕು.

ಆ ಬರಹ ಯಾರು ಮಾಡಬೇಕು? ಹಾಡಿ ಪಕ್ಕದ ಶಾಲೆಯ ಮೇಷ್ಟ್ರು, ರಜಕ್ಕೆ ಊರಿಗೆ ಬಂದ ಹಾಸ್ಟೆಲ್ ಹುಡುಗರು. ಹಿರಿಯರನ್ನು ಕರಕೊಂಡು ಜಾಗಕ್ಕೇ ಹೋಗಿ. ಯಾರನ್ನು ಹೂಳಿದ್ದು, ಯಾವ ಮರದ ಕೆಳಗೆ, ಯಾವ ತೋಡಿನ ದಂಡೆಗೆ, ಎಲ್ಲ ಬರಕೊಳ್ಳಿ. ಹೆಸರನ್ನು ಅವರ ನುಡಿಯಲ್ಲೇ ಬರೆಯಿರಿ, ದಯವಿಟ್ಟು ಸಂಸ್ಕೃತ ಮಾಡಬೇಡಿ. ಗ್ರಾಮಸಭೆಯಲ್ಲಿ ಓದಿ, ಠರಾವು ಮಾಡಿಸಿ, ಒಂದು ಪ್ರತಿ ಅರಣ್ಯ ಹಕ್ಕು ಸಮಿತಿಗೆ, ಒಂದು ಪುರಾತತ್ವ ಇಲಾಖೆಗೆ ಕಳಿಸಿ, ಮುದ್ರೆ ಹಾಕಿದ ಸ್ವೀಕೃತಿ ಇಟ್ಟುಕೊಳ್ಳಿ. ಮಳೆ ಹಿಡಿಯೋ ಮುಂಚೆ ಹೋಗಿ. ಜೂನ್ ಬಂದರೆ ಎಷ್ಟೋ ಹಾಡಿಗೆ ದಾರಿಯೇ ಇರಲ್ಲ.